ಕೈ ತಾಗದ ಚೆಂಡು

“ಬುದ್ಧಿ, ಆರು ತಿಂಗಳಿಂದ ಪಾಠಶಾಲೆಯಲ್ಲಿ ಒಬ್ಬ ಹುಡುಗನೂ ತಪ್ಪು ಹೇಳಿಲ್ಲ. ನಿನ್ನೆ ತಾವೇ ಬಂದು ಕೂತು ಕೇಳಿದಿರಿ. ಆದರೂ ತಮ್ಮ ಮುಖದಲ್ಲಿ ಸಂತೋಷ ಕಾಣಲಿಲ್ಲ. ಯಾಕೆ?”

ಕೇಳಿದವನು ಸೋಮಲಿಂಗ. ಮಠದ ಪಾಠಶಾಲೆಯ ನಲವತ್ತು ಹುಡುಗರನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಅವನು ವಹಿಸಿಕೊಂಡಾಗ ಪಾಠಶಾಲೆ ಸಂತೆಯಂತಿತ್ತು. ಹುಡುಗರು ಸಾಲು ಮರೆಯುತ್ತಿದ್ದರು, ಮಗ್ಗಿ ತಪ್ಪುತ್ತಿದ್ದರು, ಒಬ್ಬನ ಮಾತಿನ ಮೇಲೆ ಇನ್ನೊಬ್ಬ ಮಾತಾಡುತ್ತಿದ್ದ. ಸೋಮಲಿಂಗ ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ಒಂದೇ ಕಟ್ಟಳೆ ಮಾಡಿದ. ತಪ್ಪು ಹೇಳಿದವನು ಎದ್ದು ನಿಲ್ಲಬೇಕು. ಇನ್ನೊಬ್ಬ ತಪ್ಪು ಹೇಳಿದಾಗ, ಇಲ್ಲವೇ ಅಂದಿನ ಪಾಠ ಮುಗಿದಾಗ ಕೂರಬಹುದು. ಮೊದಲ ವಾರ ನಿಲ್ಲುವವರು ಬದಲಾಗುತ್ತಲೇ ಇದ್ದರು. ತಿಂಗಳು ಕಳೆಯುವುದರೊಳಗೆ ಎಲ್ಲರೂ ಕೂತಿದ್ದರು.

ಪಾಠಶಾಲೆಯ ಹೊಣೆ ಅವನಲ್ಲೇ ಉಳಿಯಬೇಕೇ ಬೇರೆಯವರಿಗೆ ಹೋಗಬೇಕೇ ಎಂಬುದನ್ನು ಗುರುಗಳು ಸೋಮವಾರ ಹೇಳುವವರಿದ್ದರು. ಅದು ತನ್ನಲ್ಲೇ ಉಳಿಯಲಿ ಎಂಬ ಆಸೆ ಸೋಮಲಿಂಗನಿಗಿತ್ತು. ಬಾಯಿಬಿಟ್ಟು ಕೇಳಲು ಸಂಕೋಚವೂ ಇತ್ತು. ಅದಕ್ಕೇ ಮುಖದ ಸಂತೋಷದ ಮಾತು ತೆಗೆದಿದ್ದ.

ಗುರುಗಳು ಕೂರಲು ಹೇಳಿದರು.

“ಬೇಸ್‌ಬಾಲ್ ಆಟ ನೋಡಿದ್ದೀಯಾ?”

ಸೋಮಲಿಂಗ ತಬ್ಬಿಬ್ಬಾದ. ಕತೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ರಾಜನೋ ಕುಂಬಾರನೋ ಬಂದಾನು ಎಂದುಕೊಂಡಿದ್ದ.

“ಇಲ್ಲ ಬುದ್ಧಿ. ಕ್ರಿಕೆಟ್ ನೋಡಿದ್ದೇನೆ.”

“ಅಷ್ಟು ಸಾಕು. ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ, ಉಳಿದವರು ಹಿಡಿಯುತ್ತಾರೆ. ಹೊಡೆದ ಕಡೆಯವರು ಮೈದಾನದ ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್. ಹಿಡಿಯುವವರ ಒಂದು ಕೈಗೆ ದೊಡ್ಡ ತೊಗಲಿನ ಗ್ಲೌಸ್ ಇರುತ್ತದೆ. ಮಿಕ್ಕ ನಿಯಮ ಈ ಕತೆಗೆ ಬೇಡ.”

ಗುರುಗಳು ಹೇಳಿದ ಕತೆ ಇದು.

ಒಂದು ಸಣ್ಣ ಊರಿನಲ್ಲಿ ಒಂದು ಸಣ್ಣ ಕಾಲೇಜು. ಕಾಲೇಜಿಗೆ ಒಂದು ಬೇಸ್‌ಬಾಲ್ ತಂಡ. ಹದಿನಾಲ್ಕು ಆಟಗಾರರು, ಹನ್ನೊಂದು ಗ್ಲೌಸು, ಮೂವರು ಕೋಚ್‌ಗಳು.

ಹಿರಿಯ ಕೋಚ್ ಕಾಲೇಜಿನ ಪಿ.ಟಿ. ಮೇಷ್ಟ್ರು. ಬಾಯಲ್ಲಿ ಮಾತಿಗಿಂತ ವಿಸಲ್ ಹೆಚ್ಚು ಹೊತ್ತು ಇರುತ್ತಿತ್ತು. ಎರಡನೆಯವನು ಎಸೆಯುವವರಿಗೆ ಕಲಿಸುತ್ತಿದ್ದ. ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಕೆಲಸ, ಸಂಜೆ ಮೈದಾನ. ಮೂರನೆಯವನು ಕಿರಿಯ ಕೋಚ್. ಭೌತಶಾಸ್ತ್ರ ಓದಿದವನು, ಅದೇ ಕಾಲೇಜಿನ ಲ್ಯಾಬಿನಲ್ಲಿ ಪಾಠ ಮಾಡುತ್ತಿದ್ದವನು. ಚೆಂಡು ಹಿಡಿಯುವುದನ್ನು ಕಲಿಸುವ ಕೆಲಸ ಅವನದು.

ತಂಡ ಪ್ರತಿವರ್ಷ ವಿಶ್ವವಿದ್ಯಾಲಯದ ಪಂದ್ಯಾವಳಿಗೆ ಹೋಗುತ್ತಿತ್ತು. ಮೊದಲ ಪಂದ್ಯದಲ್ಲೇ ಸೋತು ಅದೇ ದಿನದ ಬಸ್ಸಿಗೆ ವಾಪಸು ಬರುತ್ತಿತ್ತು. ಆರು ವರ್ಷ ಹೀಗೇ ನಡೆಯಿತು. ಏಳನೆಯ ವರ್ಷ ಪ್ರಾಂಶುಪಾಲರು ಮೂವರನ್ನೂ ಕರೆಸಿದರು.

“ಒಂದೇ ಒಂದು ಪಂದ್ಯ ಗೆದ್ದು ಬನ್ನಿ. ಇಲ್ಲದಿದ್ದರೆ ತಂಡ ಮುಚ್ಚೋಣ. ಆ ಜಾಗದಲ್ಲಿ ವಾಲಿಬಾಲ್ ನೆಟ್ ಕಟ್ಟಿದರೆ ನಾಲ್ಕು ಜನ ಹೆಚ್ಚಿಗೆ ಆಡ್ತಾರೆ.”

ಕಿರಿಯ ಕೋಚ್‌ಗೆ ಆ ತಂಡವೆಂದರೆ ಜೀವ. ಅದನ್ನು ಉಳಿಸಬೇಕೆಂದು ಅವನು ತನಗೆ ಗೊತ್ತಿದ್ದ ದಾರಿ ಹಿಡಿದ. ಲ್ಯಾಬಿನಲ್ಲಿ ಮೊದಲು ದೋಷ ಅಳೆಯುತ್ತಾರೆ, ಆಮೇಲೆ ದೋಷ ಕಡಿಮೆ ಮಾಡುತ್ತಾರೆ. ಅವನು ಒಂದು ಗೆರೆ ಹಾಕಿದ ಪುಸ್ತಕ ತಂದ. ಒಂದು ಕಡೆ ಆಟಗಾರರ ಹೆಸರು, ಒಂದು ಕಡೆ ದಿನ. ನಿಯಮ ಸರಳ. ಚೆಂಡಿಗೆ ಕೈ ತಾಗಿಯೂ ಹಿಡಿಯದೆ ಬಿಟ್ಟರೆ ಅದು ತಪ್ಪು. ಕೈ ತಾಗದೆ ಹೋದರೆ ಅದು ಹೊಡೆದವನ ಜಾಣತನ, ಹಿಡಿಯುವವನ ತಪ್ಪಲ್ಲ. ಆ ಆಟದ ಲೆಕ್ಕದಲ್ಲೂ ಹೆಚ್ಚು ಕಡಿಮೆ ಇದೇ ರೂಢಿ.

ಪ್ರತಿ ಶನಿವಾರ ಅಭ್ಯಾಸ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಪುಸ್ತಕ ಓದುತ್ತಿದ್ದ. ಮೊದಲ ಶನಿವಾರ ಒಟ್ಟು ಮೂವತ್ತೊಂದು ತಪ್ಪು. ಅದರಲ್ಲಿ ಹನ್ನೊಂದು ಒಬ್ಬನವೇ.

ಅವನು ಎರಡನೆಯ ಮೂಲೆಗೂ ಮೂರನೆಯ ಮೂಲೆಗೂ ನಡುವೆ ನಿಲ್ಲುವ ಆಟಗಾರ. ಹೆಚ್ಚು ಚೆಂಡು ಹೋಗುವುದು ಅತ್ತಲೇ. ಅವನ ಅಂಗಿಯ ಎದೆ ಯಾವಾಗಲೂ ಮಣ್ಣಾಗಿರುತ್ತಿತ್ತು.

“ಇವನ ಗ್ಲೌಸ್‌ಗೆ ತಳಾನೇ ಇಲ್ಲ ಸಾರ್!” ಎಂದು ಒಬ್ಬ ಕೂಗಿದ.

“ತಳ ಇದೆ ಕಣೋ. ಬಾಲ್‌ಗೇ ನನ್ನ ಮೇಲೆ ಮನಸ್ಸಿಲ್ಲ” ಎಂದ ನಡುವಿನ ಆಟಗಾರ. ಎಲ್ಲರೂ ನಕ್ಕರು, ಅವನೂ ನಕ್ಕ.

ಎರಡನೆಯ ಶನಿವಾರವೂ ಅವನ ಹೆಸರಿನ ಮುಂದೆ ಹನ್ನೊಂದು. ಆಗಲೂ ನಕ್ಕರು. ಅವನು ಮಾತ್ರ ಗ್ಲೌಸಿನ ದಾರ ಬಿಗಿ ಮಾಡುತ್ತ ಕೂತಿದ್ದ. ಮೂರನೆಯ ಶನಿವಾರ ಕಿರಿಯ ಕೋಚ್ ಅವನನ್ನು ತಂಡದಿಂದ ತೆಗೆದ. ಸಿಟ್ಟಿನಿಂದಲ್ಲ, ಅಂಕಿ ನೋಡಿ ತೆಗೆದ. ಪುಸ್ತಕ ತಿರುಗಿಸಿ ಅವನಿಗೂ ತೋರಿಸಿದ. ಅವನು ನೋಡಿದ, ಗ್ಲೌಸ್ ಕಳಚಿ ಕೊಟ್ಟ, ಹೋದ.

ಆಮೇಲೆ ಪುಸ್ತಕ ಚೊಕ್ಕವಾಗುತ್ತ ಬಂತು. ಇಪ್ಪತ್ತೆರಡು, ಹದಿನಾಲ್ಕು, ಎಂಟು, ಮೂರು. ಹತ್ತನೆಯ ಶನಿವಾರ ಸೊನ್ನೆ. ಕಿರಿಯ ಕೋಚ್ ಆ ಸೊನ್ನೆಯ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದ.

ಒಂದೇ ಒಂದು ಸಂಗತಿ ಹೊಂದಿಕೆಯಾಗುತ್ತಿರಲಿಲ್ಲ. ಪಕ್ಕದ ಊರಿನ ಕಾಲೇಜಿನ ಜೊತೆ ಆಗಾಗ ಸ್ನೇಹದ ಪಂದ್ಯ ಆಡುತ್ತಿದ್ದರು. ಮೂವತ್ತೊಂದು ತಪ್ಪಿದ್ದಾಗ ಎರಡು ರನ್‌ಗಳಿಂದ ಸೋತಿದ್ದರು. ಸೊನ್ನೆಯಾದ ವಾರ ಏಳು ರನ್‌ಗಳಿಂದ ಸೋತರು.

ದೋಷ ಬೇರೆ ಕಡೆ ಇರಬೇಕೆಂದು ಅವನು ಎಸೆತದ ಕೋಚ್‌ನ ಬಳಿ ಹೋದ.

“ನನ್ನ ಕಡೆ ಸೊನ್ನೆ. ನಿಮ್ಮ ಹುಡುಗರ ಎಸೆತಾನೇ ಸರಿ ಇಲ್ಲ ಅಂತ ಕಾಣುತ್ತೆ.”

ಎಸೆತದ ಕೋಚ್ ಅವತ್ತು ಹಾಲಿನ ಕ್ಯಾನಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

“ನಮ್ಮ ಡೈರೀಲೂ ಒಬ್ಬ ಇದಾನೆ ಸಾರ್. ಅವನ ಹಾಲಲ್ಲಿ ಒಂದು ದಿನಾನೂ ನೀರು ಸಿಕ್ಕಿಲ್ಲ.”

“ಒಳ್ಳೇದಲ್ವಾ?”

“ಒಳ್ಳೇದೇ. ಅವನು ಹಾಲೇ ಹಾಕಲ್ಲ.”

ಕಿರಿಯ ಕೋಚ್‌ಗೆ ಇದು ಕುಚೋದ್ಯವೆನಿಸಿತು. ದುರುಗುಟ್ಟಿ ನೋಡಿ ಎದ್ದು ಹೋದ. ಹಿರಿಯ ಕೋಚ್‌ಗೆ ದೂರು ಹೇಳಿದ. ಹಿರಿಯ ಕೋಚ್ ಎಲ್ಲ ಕೇಳಿ ವಿಸಲ್ ಬಾಯಿಂದ ತೆಗೆದರು.

“ನಾಳೆ ನೀವು ಒಳಗೆ ನಿಂತ್ಕೊಳ್ಳಿ. ನೀವು ತೆಗೆದ ಹುಡುಗ ಇದ್ದ ಜಾಗದಲ್ಲಿ. ಪುಸ್ತಕ ಹುಡುಗರ ಕೈಲಿ ಕೊಡಿ.”

ಅಷ್ಟು ಹೇಳಿ ವಿಸಲ್ ಮತ್ತೆ ಬಾಯಿಗಿಟ್ಟುಕೊಂಡರು.

ಮಾರನೆಯ ದಿನ ಕಿರಿಯ ಕೋಚ್ ಗ್ಲೌಸ್ ತೊಟ್ಟು ನಡುವೆ ನಿಂತ. ಪುಸ್ತಕ ಹಿಡಿದು ಒಬ್ಬ ಆಟಗಾರ ಮೈದಾನದ ಗೆರೆಯ ಆಚೆ ಕೂತ. ಹುಡುಗರಿಗೆಲ್ಲ ಖುಷಿ. “ಸಾರ್, ಗ್ಲೌಸ್ ಉಲ್ಟಾ ಹಾಕ್ಕೊಂಡಿಲ್ಲ ತಾನೇ?” ಎಂದು ಒಬ್ಬ ಕೇಳಿದ.

ಮೊದಲ ನಾಲ್ಕು ಚೆಂಡು ನೇರ ಬಂದವು, ಹಿಡಿದ. ಐದನೆಯದು ಎಡಕ್ಕೆ ಹೋಯಿತು. ಅದರ ವೇಗ, ತನಗೂ ಅದಕ್ಕೂ ಇರುವ ದೂರ ಎರಡೂ ಅವನಿಗೆ ಕಣ್ಣಳತೆಯಲ್ಲೇ ತಿಳಿದವು. ಮೂರು ಹೆಜ್ಜೆ ಓಡಿ ಮೈ ಚೆಲ್ಲಿದರೆ ಗ್ಲೌಸಿಗೆ ತಾಗುತ್ತದೆ. ಹಿಡಿತಕ್ಕೆ ಸಿಗುತ್ತದೆ ಎಂದು ಹೇಳಲು ಬರುವುದಿಲ್ಲ. ಅವನು ಓಡಿದ. ಒಂದು ಹೆಜ್ಜೆ, ಎರಡು ಹೆಜ್ಜೆ. ಆಗ ಗೆರೆಯ ಆಚೆ ಪೆನ್ನು ಹಿಡಿದವನ ಮುಖ ಕಂಡಿತು. ಮೂರನೆಯ ಹೆಜ್ಜೆ ಇಡಲಿಲ್ಲ.

ಚೆಂಡು ಹಾದುಹೋಯಿತು. ಪೆನ್ನು ಅಲ್ಲಾಡಲಿಲ್ಲ.

“ಪರವಾಗಿಲ್ಲ ಸಾರ್, ಅದು ಯಾರಿಗೂ ಸಿಗ್ತಿರ್ಲಿಲ್ಲ!” ಎಂದು ಹಿಂದಿನಿಂದ ಒಬ್ಬ ಸಮಾಧಾನ ಹೇಳಿದ.

ಆ ಮಾತನ್ನು ಕಿರಿಯ ಕೋಚ್ ಹತ್ತು ವಾರದಿಂದ ದಿನವೂ ಕೇಳಿದ್ದ. ಹುಡುಗರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ತಂಡದಲ್ಲಿ ಒಗ್ಗಟ್ಟು ಬೆಳೆದಿದೆ ಎಂದು ತಿಳಿದಿದ್ದ. ಈಗ ಅದು ತನಗೇ ಬಂದಾಗ ಎದೆಯೊಳಗೆ ಏನೋ ಹಗುರವಾಯಿತು. ಆ ಹಗುರವೇ ಅವನನ್ನು ಹೆದರಿಸಿತು.

ಅವನು ಅಲ್ಲಿಂದಲೇ ನಡೆದು ಬಂದು ಪುಸ್ತಕ ಇಸಿದುಕೊಂಡ. ಮೊದಲಿನಿಂದ ಕೊನೆಯವರೆಗೆ ಹಾಳೆ ತಿರುಗಿಸಿದ. ಯಾರು ಎಷ್ಟು ಚೆಂಡು ಕೈಬಿಟ್ಟರು ಎಂಬುದು ಅಲ್ಲಿತ್ತು. ಯಾರು ಎಷ್ಟು ಚೆಂಡಿನ ಹಿಂದೆ ಓಡಿದರು ಎಂಬುದಕ್ಕೆ ಒಂದು ಗೆರೆಯೂ ಇರಲಿಲ್ಲ. ಹನ್ನೊಂದು ಬಿಟ್ಟವನು ಎಷ್ಟನ್ನು ಮುಟ್ಟಿದ್ದ? ಎಪ್ಪತ್ತೇ, ಎಂಬತ್ತೇ? ಅವನ ಜಾಗಕ್ಕೆ ಬಂದವನು ಒಂದನ್ನೂ ಬಿಟ್ಟಿರಲಿಲ್ಲ. ಅವನು ಎಷ್ಟನ್ನು ಮುಟ್ಟಿದ್ದ? ಕಿರಿಯ ಕೋಚ್‌ಗೆ ನೆನಪಿದ್ದದ್ದು ಒಬ್ಬನ ಮಣ್ಣಾದ ಅಂಗಿ, ಇನ್ನೊಬ್ಬನ ಇಸ್ತ್ರಿ ಕೆಡದ ಅಂಗಿ. ಅಂಗಿಯನ್ನು ಅವನು ಎಂದೂ ಬರೆದಿಟ್ಟಿರಲಿಲ್ಲ.

ಪಂದ್ಯಾವಳಿಗೆ ಮೂರು ವಾರ ಉಳಿದಿತ್ತು. ಅವನು ನಡುವಿನ ಆಟಗಾರನನ್ನು ಹುಡುಕಿಕೊಂಡು ಹೊರಟ.

ಆ ಆಟಗಾರ ಈಗ ಸಂಜೆ ಹೊತ್ತು ಸೋದರಮಾವನ ಹಿಟ್ಟಿನ ಗಿರಣಿಯಲ್ಲಿ ಇರುತ್ತಿದ್ದ. ತಲೆ, ಹುಬ್ಬು ಎಲ್ಲ ಬೆಳ್ಳಗಾಗಿತ್ತು. ಗಿರಣಿಯ ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ. ಕಿರಿಯ ಕೋಚ್ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದ.

“ತಪ್ಪು ನಂದು!”

“ಏನ್ ಸಾರ್?”

“ತಪ್ಪು ನಂದು ಅಂದೆ!”

ಆಟಗಾರ ಕೈ ಚಾಚಿ ಗಿರಣಿ ನಿಲ್ಲಿಸಿದ. ಸದ್ದು ಇಳಿದು ಸುತ್ತ ಒಮ್ಮೆಲೇ ನಿಶ್ಶಬ್ದವಾಯಿತು. ಡಬ್ಬ ಹಿಡಿದು ಸಾಲಿನಲ್ಲಿ ನಿಂತಿದ್ದ ಐದಾರು ಜನ ಇವನನ್ನೇ ನೋಡಿದರು. ಕೂಗಿದ್ದನ್ನು ಈಗ ಮೆಲ್ಲಗೆ ಹೇಳಬೇಕಾಯಿತು. ಅದು ಹೆಚ್ಚು ಕಷ್ಟವಾಯಿತು.

“ತಪ್ಪು ನಂದು. ನಿನ್ನನ್ನ ತೆಗೆಯಬಾರದಿತ್ತು. ವಾಪಸ್ ಬಾ.”

“ಮೊದ್ಲು ನನ್ ಜೋಳ ಬೀಸಪ್ಪ” ಎಂದಳು ಮುಂದಿದ್ದ ಮುದುಕಿ. “ನಿಮ್ ಮೇಷ್ಟ್ರು ಎಲ್ಲೂ ಓಡಿ ಹೋಗಲ್ಲ.”

ಆಟಗಾರ ಜೋಳ ಬೀಸಿದ. ಡಬ್ಬ ತುಂಬಿ ಕೊಟ್ಟ. ಸಾಲು ಕರಗುವ ತನಕ ಕಿರಿಯ ಕೋಚ್ ಗೋಡೆಗೆ ಒರಗಿ ನಿಂತಿದ್ದ.

“ಬರ್ತೀನಿ ಸಾರ್” ಎಂದ ಕೊನೆಗೆ ಆಟಗಾರ. “ಪುಸ್ತಕ?”

“ಇನ್ನು ಓದಲ್ಲ.”

“ಬರೀತೀರಾ?”

ಕಿರಿಯ ಕೋಚ್ ತೋಳಿನ ಮೇಲೆ ಕೂತ ಹಿಟ್ಟು ಕೊಡವಿದ.

“ಬರೆಯೋದೂ ಇಲ್ಲ.”

ಅಂದಿನಿಂದ ಅವನು ಬರಿಗೈಯಲ್ಲಿ ಮೈದಾನಕ್ಕೆ ಬಂದ. “ಬಿಟ್ಟರೂ ಸರಿ, ಹೋಗಿ ಮುಟ್ಟಿ” ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿದ. ಹುಡುಗರು “ಸರಿ ಸಾರ್” ಎಂದರು. ಆದರೆ ಚೆಂಡು ಪಕ್ಕಕ್ಕೆ ಬಂದಾಗಲೆಲ್ಲ ಅವರ ಕಣ್ಣು ಮೊದಲು ಅವನ ಕೈಗೆ ಹೋಗಿ, ಅಲ್ಲಿ ಪೆನ್ನಿಲ್ಲ ಎಂದು ನೋಡಿಕೊಂಡು, ಆಮೇಲೆ ಚೆಂಡಿಗೆ ಬರುತ್ತಿತ್ತು. ಅಷ್ಟರಲ್ಲಿ ಚೆಂಡು ಎರಡು ಹೆಜ್ಜೆ ಮುಂದಿರುತ್ತಿತ್ತು. ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದ. ಆಗ ಅವರು ಅವನ ಬೆನ್ನಿನ ಹಿಂದೆ ಏನಿದೆ ಎಂದು ನೋಡಿದರು.

“ಪುಸ್ತಕ ಹರಿದು ಹಾಕ್ತೀನಿ, ಅವರ ಎದುರಿಗೇ” ಎಂದು ಹಿರಿಯ ಕೋಚ್‌ಗೆ ಹೇಳಿದ.

“ಹರಿಯಿರಿ” ಎಂದರು ಅವರು. “ಬರೆದಿರೋದು ಅದರಲ್ಲಿ ಅಲ್ಲವಲ್ಲ.”

ಪಂದ್ಯದ ದಿನ ಬಂತು. ಎಂದೂ ಇಲ್ಲದ ಹಾಗೆ ಆಟ ಇವರ ಕಡೆ ವಾಲಿತು. ಎಸೆತದ ಕೋಚ್‌ನ ಹುಡುಗರು ಚೆನ್ನಾಗಿ ಎಸೆದರು. ನಡುವಿನ ಆಟಗಾರನೇ ಬ್ಯಾಟ್ ಹಿಡಿದು ಎರಡು ರನ್ ತಂದ. ಕೊನೆಯ ಸರದಿಗೆ ಬರುವಾಗ ಇವರು ಒಂದು ರನ್ ಮುಂದಿದ್ದರು. ಎದುರಾಳಿಗಳ ಇಬ್ಬರು ಔಟಾಗಿದ್ದರು. ಇನ್ನೊಬ್ಬ ಔಟಾದರೆ ಪಂದ್ಯ ಗೆದ್ದಂತೆ, ತಂಡ ಉಳಿದಂತೆ. ಆದರೆ ಎರಡನೆಯ ಮೂಲೆಯಲ್ಲಿ ಒಬ್ಬ, ಮೂರನೆಯ ಮೂಲೆಯಲ್ಲಿ ಒಬ್ಬ ಎದುರಾಳಿ ಓಡಲು ಕಾಯುತ್ತಿದ್ದರು. ಚೆಂಡು ಹಿಂದಕ್ಕೆ ಹೋದರೆ ಇಬ್ಬರೂ ಬಂದು ಎರಡು ರನ್ ಆಗುತ್ತದೆ.

ಹೊಡೆತ ಬಿತ್ತು. ಚೆಂಡು ನೆಲಕ್ಕೆ ತಾಗಿಕೊಂಡಂತೆ ನಡುವಿನ ಆಟಗಾರನ ಬಲಕ್ಕೆ ಬಂತು. ಮೂರು ಹೆಜ್ಜೆಯ ಚೆಂಡು. ಕಿರಿಯ ಕೋಚ್ ಎದ್ದು ನಿಂತ. ತನ್ನ ಬಲಗಾಲು ತಾನಾಗಿ ಮುಂದೆ ಹೋದದ್ದು ಅವನಿಗೆ ತಿಳಿಯಲಿಲ್ಲ.

ಆಟಗಾರ ಒಂದು ಹೆಜ್ಜೆ ಹಾಕಿದ. ಎರಡು ಹೆಜ್ಜೆ ಹಾಕಿದ. ನಿಂತ.

ಇಬ್ಬರೂ ಓಡಿ ಬಂದರು. ಪಂದ್ಯ ಮುಗಿಯಿತು.

ಎಲ್ಲರೂ ಮೈದಾನದಿಂದ ಆಚೆ ಬಂದರೂ ಆಟಗಾರ ಅಲ್ಲೇ ಇದ್ದ. ಕಿರಿಯ ಕೋಚ್ ಅವನ ಬಳಿ ಹೋದ. ಅವನ ಅಂಗಿಯಲ್ಲಿ ಒಂದು ಕಲೆಯೂ ಇರಲಿಲ್ಲ.

“ಬಾಲ್ ಕಂಡಿತು ಸಾರ್” ಎಂದ ಆಟಗಾರ. “ಹೋಗಬೇಕು ಅಂತಾನೇ ಇದ್ದೆ. ಕಾಲು ಮಾತು ಕೇಳ್ಲಿಲ್ಲ.”

ಪರವಾಗಿಲ್ಲ, ಅದು ಯಾರಿಗೂ ಸಿಗುತ್ತಿರಲಿಲ್ಲ ಎಂಬ ಮಾತು ಕಿರಿಯ ಕೋಚ್‌ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಆ ಚೆಂಡು ಅವನಿಗೆ ಸಿಗುತ್ತಿತ್ತು. ಮೊದಲ ವಾರದ ಅವನಿಗೆ ಖಂಡಿತ ಸಿಗುತ್ತಿತ್ತು.

ಆಗ ಪಂದ್ಯಾವಳಿಯ ಲೆಕ್ಕ ಬರೆಯುವವನು ಹಾಳೆ ಹಿಡಿದು ಓಡಿ ಬಂದ. ಸಹಿ ಬೇಕಿತ್ತು.

“ಸೋತ್ರೇನು ಸಾರ್, ಬೇಜಾರಾಗಬೇಡಿ. ಇವತ್ತು ಆಡಿದ ಎಂಟು ತಂಡದಲ್ಲಿ ಒಂದೂ ತಪ್ಪಿಲ್ಲದ್ದು ನಿಮ್ದೊಂದೇ. ಭೇಷ್! ಹುಡುಗರನ್ನ ಚೆನ್ನಾಗಿ ತಯಾರು ಮಾಡಿದೀರಿ.”

ಕಿರಿಯ ಕೋಚ್ ಹಾಳೆ ನೋಡಿದ. ಅವನ ತಂಡದ ಹೆಸರಿನ ಮುಂದೆ ಸೊನ್ನೆಯಿತ್ತು. ಅದರ ಕೆಳಗೆ ಸಹಿ ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಸೋಮಲಿಂಗ ಇನ್ನೂ ಏನೋ ಇದೆ ಎಂದು ಕಾದ. ಇರಲಿಲ್ಲ.

“ತಂಡ ಉಳಿಯಿತೇ ಬುದ್ಧಿ?”

“ಇಲ್ಲ. ಈಗ ಅಲ್ಲಿ ವಾಲಿಬಾಲ್ ಆಡುತ್ತಾರೆ.”

ಸೋಮಲಿಂಗ ತಲೆ ತಗ್ಗಿಸಿ ಯೋಚಿಸಿದ. ಕತೆ ತನ್ನ ಮೇಲೆ ಬಂದಿದೆ ಎಂದು ಅವನಿಗೆ ಅರ್ಥವಾಗಿತ್ತು. ಆದರೆ ಪೂರ್ತಿ ಬಂದಿಲ್ಲ, ಪಕ್ಕಕ್ಕೆ ಸರಿದರೆ ತಪ್ಪಿಸಿಕೊಳ್ಳಬಹುದು ಎಂದೂ ಅನಿಸಿತು.

“ಆ ಕೋಚ್ ಮಾಡಿದ್ದು ತಪ್ಪೇ, ಬುದ್ಧಿ. ಆದರೆ ನಾನು ಯಾರ ತಪ್ಪನ್ನೂ ಬರೆದಿಟ್ಟಿಲ್ಲ. ಯಾರನ್ನೂ ಆಚೆ ಕಳಿಸಿಲ್ಲ. ನನ್ನ ಹುಡುಗರು ಯಾವುದನ್ನೂ ಬಿಟ್ಟು ನಿಂತವರಲ್ಲ. ನಾನು ಕೇಳಿದ ಪ್ರತಿಯೊಂದಕ್ಕೂ ಉತ್ತರ ಹೇಳುತ್ತಾರೆ.”

ಗುರುಗಳು ಅವನನ್ನೇ ನೋಡಿದರು.

“ಈ ಆರು ತಿಂಗಳಲ್ಲಿ ಅವರು ನಿನ್ನನ್ನು ಎಷ್ಟು ಪ್ರಶ್ನೆ ಕೇಳಿದರು, ಸೋಮಲಿಂಗ?”

ಸೋಮಲಿಂಗ ಎಣಿಸಲು ಬೆರಳು ಬಿಡಿಸಿದ. ಒಂದು ಬೆರಳನ್ನೂ ಮಡಚಲಾಗಲಿಲ್ಲ.